ಪುನರ್ವಸು ಮಳೆಯಲ್ಲಿ ಎರಡು ಗಂಟೆ ಅಪ್ಪ

ನಮ್ಮ ಪಕ್ಕದ ತೋಟದ ಗೆಳೆಯನಿಗೆ ತಿಂಗಳಲ್ಲಿ ಎರಡು ಶನಿವಾರ, ತಲಾ ಎರಡು ಗಂಟೆ ಅಪ್ಪನಾಗಿರಲು ಕೋರ್ಟಿನಿಂದ ಅನುಮತಿ ಸಿಕ್ಕಿದೆ. ಶಿವಮೊಗ್ಗದ ಪಾರ್ಕೊಂದರಲ್ಲಿ. ಆದೇಶವನ್ನು ಬೇಸಿಗೆಯಲ್ಲಿ ಬರೆದಿರಬೇಕು. ಈಗ ಪುನರ್ವಸು ಮಳೆ. ನಾಯಿ ಕೂಡ ಜಗಲಿ ಇಳಿಯುವುದಿಲ್ಲ, ಇವನು ತೀರ್ಥಹಳ್ಳಿ ಕಡೆಯಿಂದ ಬಸ್ ಹತ್ತಿ ಬಂದು ಕೊಡೆ ಬಿಡಿಸಿಕೊಂಡು ಒದ್ದೆ ಬೆಂಚಿನ ಮೇಲೆ ಕೂತಿರುತ್ತಾನೆ. ಮಳೆ ಜಾಸ್ತಿಯಾದರೆ ಡಿಸಿ ಸಾಹೇಬರು ಶಾಲೆಗೆ ರಜೆ ಕೊಡುತ್ತಾರೆ. ಮಗುವಿಗೆ ನೆಗಡಿ ಅಂತ ಮೆಸೇಜ್ ಬಂದರೆ ಅಪ್ಪನಿಗೂ ರಜೆ.

ಅಡಿಕೆಗೆ ಕೊಳೆರೋಗದ ಔಷಧಿ ಹೊಡೆಯಲು ಮಳೆ ಹೊಳವಾಗಬೇಕು, ಮರ ಹತ್ತುವ ಕೊನೆಗೌಡ ಸಿಗಬೇಕು. ಎರಡೂ ಕೂಡಿ ಬರುವುದು ಮದುವೆ ಮುಹೂರ್ತಕ್ಕಿಂತ ಕಷ್ಟ (ಮುಹೂರ್ತ ಕೂಡಿ ಬಂದಿದ್ದೇ ಇವನಿಗೆ ದುಬಾರಿಯಾಯ್ತು, ಬಿಡಿ). ಹೋದ ತಿಂಗಳು ಅದು ಕೂಡಿ ಬಂದಿದ್ದು ಸರಿಯಾಗಿ ಆ ಶನಿವಾರವೇ. ಕೊನೆಗೌಡನನ್ನು ವಾಪಸ್ ಕಳಿಸಿ ಬಸ್ ಹತ್ತಿದ. ಅಡಿಕೆಗೆ ಮಳೆಗಾಲಕ್ಕೆ ಎರಡು ಸಲ ಬೋರ್ಡೋ ಔಷಧಿ, ಅಪ್ಪನಿಗೆ ತಿಂಗಳಿಗೆ ಎರಡು ಸಲ ಮಗಳು. ಅಡಿಕೆಗಿಂತ ಅಪ್ಪನೇ ಪುಣ್ಯವಂತ.

ಕಾನೂನೇನೂ ಅಪ್ಪನನ್ನು ಮರೆತಿಲ್ಲ ಕಣ್ರೀ. 1956ರ ಹಿಂದೂ ಅಪ್ರಾಪ್ತತೆ ಮತ್ತು ಪಾಲಕತ್ವ ಕಾಯ್ದೆಯಲ್ಲಿ ಅವನೇ ಮೊದಲ ಸಹಜ ಪಾಲಕ, ಅಮ್ಮ ಅವನ ‘ನಂತರ’. ಆ ‘ನಂತರ’ ಅಂದರೆ ಅಪ್ಪ ಸತ್ತ ಮೇಲೇ ಅಂತಲ್ಲ ಎಂದು ಸುಪ್ರೀಂ ಕೋರ್ಟ್ ಹೇಳುವ ಹೊತ್ತಿಗೆ 1999 ಬಂತು. ಕಾಗದದ ಮೇಲೆ ಅಮ್ಮನಿಗೆ ಅನ್ಯಾಯ, ಬೆಂಚಿನ ಮೇಲೆ ಅಪ್ಪನಿಗೆ. ಸಮಪಾಲು ಅಂದರೆ ಇದೇ ಅಲ್ವಾ! ಐದು ತುಂಬದ ಮಗು ಸಾಮಾನ್ಯವಾಗಿ ಅಮ್ಮನ ಹತ್ತಿರ ಇರಲಿ ಅಂತಲೂ ಅದೇ ಕಾಯ್ದೆ ಹೇಳುತ್ತದೆ. ಸರಿ, ಒಪ್ಪೋಣ. ಇವನ ಮಗಳಿಗೆ ಈಗ ಎಂಟು. 2015ರಲ್ಲಿ ಕಾನೂನು ಆಯೋಗ ತನ್ನ 257ನೇ ವರದಿಯಲ್ಲಿ ಜಂಟಿ ಪಾಲನೆಗೂ ಅವಕಾಶ ಇರಲಿ ಅಂತ ಬರೆಯಿತು. ಪಾಪ, ಆ ವರದಿಯನ್ನೂ ಯಾರಾದರೂ ತಿಂಗಳಿಗೆ ಎರಡು ಸಲ ಪಾರ್ಕಿಗೆ ಕರೆದುಕೊಂಡು ಹೋಗಿ ಬನ್ನಿ.

ಜೀವನಾಂಶ ಕೊಡದೆ ಫೋನ್ ಆಫ್ ಮಾಡಿಕೊಂಡು ತಿರುಗುವ ಗಂಡಂದಿರ ವಕಾಲತ್ತು ನನ್ನದಲ್ಲ. ಅವರಿಗೆ ಕೊಳೆರೋಗ ಬರಲಿ. ಇವನು ಒಂದು ತಿಂಗಳೂ ದುಡ್ಡು ತಪ್ಪಿಸಿಲ್ಲ. ಸದ್ಯಕ್ಕೆ ಅಂತ ಕೊಟ್ಟ ಎರಡು ಗಂಟೆಗೆ ಮೂರು ವರ್ಷ ಆಯ್ತು, ತಾರೀಖಿನ ಮೇಲೆ ತಾರೀಖು ಬೀಳುತ್ತಲೇ ಇದೆ. ತಮಾಷೆ ಮಾಡಿ ಮಾಡಿ ನನಗೂ ಸಾಕಾಗಿದೆ. ಮಗು ಬೆಳೆಯುತ್ತದೆ ಸ್ವಾಮಿ, ಫೈಲಿನ ಹಾಗೆ ಕಟ್ಟಿಟ್ಟ ಜಾಗದಲ್ಲೇ ಇರುವುದಿಲ್ಲ.

ಯುಗಾದಿಗೆ ಅಂತ ಗುಲಾಬಿ ಚಪ್ಪಲಿ ಕೊಂಡಿದ್ದ. ಆ ಶನಿವಾರ ನೆಗಡಿ. ಆಮೇಲೆ ಯಾರದೋ ಮದುವೆ, ಬೇಸಿಗೆ ರಜೆಗೆ ಅಜ್ಜನ ಮನೆ. ಮೊನ್ನೆ ಕೊನೆಗೂ ಮಗಳು ಕಾಲು ತೂರಿಸಿದಳು. ಹಿಮ್ಮಡಿ ಹೊರಗೆ. “ಅಮ್ಮ ಬೇರೆ ಕೊಡಿಸಿದ್ದಾಳೆ ಅಪ್ಪಾ, ಇದನ್ನ ನೀನೇ ಇಟ್ಕೋ” ಅಂದಳಂತೆ.

ಇಟ್ಟುಕೊಂಡಿದ್ದಾನೆ, ಜಗಲಿಯಲ್ಲಿ. ಮಳೆಗಾಲ ನೋಡಿ, ಬೂಸ್ಟು ಹಿಡಿದಿದೆ.