ಬಾಣದ ಬುಡದಲ್ಲಿ ಹೆಸರಿಲ್ಲ

ನಿನ್ನೆಯಿಂದ ಮನಸ್ಸಿಗೆ ಸಮಾಧಾನವಿಲ್ಲ. ಬರೆದಾದರೂ ಹಗುರಾಗೋಣ ಅಂತ ಕೂತಿದ್ದೇನೆ. ಉದ್ದ ಆಗುತ್ತದೆ, ಪುರುಸೊತ್ತು ಇದ್ದವರು ಓದಿ.

ನಿನ್ನೆ ಮಧ್ಯಾಹ್ನ ತಮ್ಮನ ಮನೆಗೆ ಹೋಗಿದ್ದೆ. ಅಂಗಳದ ತುಂಬ ಮೆಣಸು ಹರವಿತ್ತು. ಹಿಂದಿನ ದಿನ ಬಿಡಿಸಿದ್ದು ಇನ್ನೂ ಹಸಿರು. ಆಚೆ ತುದಿಯದ್ದು ಕಪ್ಪಾಗಿ ಸುಕ್ಕುಗಟ್ಟಿ, ಬೆರಳಲ್ಲಿ ಆಡಿಸಿದರೆ ಸಣ್ಣ ಕಲ್ಲಿನ ಹಾಗೆ ಸದ್ದು ಮಾಡುತ್ತಿತ್ತು. ಜಗಲಿಯ ಮೇಲೆ ತಮ್ಮನ ಮೊಮ್ಮಗ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಓದುತ್ತಿದ್ದ. ಭಾರತಕ್ಕೆ ಯುರೋಪಿಯನ್ನರ ಆಗಮನ. ನಾನು ಮೂವತ್ತೊಂದು ವರ್ಷ ಪಾಠ ಮಾಡಿದ ಅಧ್ಯಾಯ. ನಕ್ಷೆ ಬರೆದು, ಕೆಂಪು ಸ್ಕೆಚ್ ಪೆನ್ನಲ್ಲಿ ಒಂದು ದೊಡ್ಡ ಬಾಣ ಎಳೆದಿದ್ದ. ಬಾಣದ ತುದಿಯಲ್ಲಿ ವೆನಿಸ್, ನಡುವೆ ಅಲೆಕ್ಸಾಂಡ್ರಿಯಾ, ಬುಡದಲ್ಲಿ ಬರೀ ‘ಭಾರತದ ಮಸಾಲೆ ಪದಾರ್ಥಗಳು’.

ನಾನು ಪೆನ್ಸಿಲ್ ತಗೊಂಡು ಬಾಣದ ಬುಡದಲ್ಲಿ ‘ಹೊನ್ನಾವರ’ ಅಂತ ಬರೆದೆ. ಹುಡುಗ ಗಾಬರಿಯಾದ. “ಅದು ನೋಟ್ಸಲ್ಲಿ ಇಲ್ಲೆ ಅಮ್ಮಮ್ಮಾ, ಬರದ್ರೆ ಮಾರ್ಕ್ಸ್ ಹೋಗ್ತು” ಅಂದವನೇ ರಬ್ಬರ್ ಹುಡುಕತೊಡಗಿದ. ಉಜ್ಜಿ ಅಳಿಸಿಯೂ ಬಿಟ್ಟ. ಅವನ ಕಾಲ ಬುಡದಲ್ಲೇ ಮೆಣಸು ಒಣಗುತ್ತಿತ್ತು.

ಸಿಟ್ಟು ಬಂತು. ಅವನ ಮೇಲಲ್ಲ. ಅವನ ಮೇಲೆ ಸಿಟ್ಟು ಮಾಡುವ ಹಕ್ಕೇ ನನಗಿಲ್ಲ, ಅದಕ್ಕೆ ಕಾರಣ ಹೇಳುತ್ತೇನೆ.

ಹೋದ ಸೆಪ್ಟೆಂಬರಿನಲ್ಲಿ ಮಗಳು-ಅಳಿಯ ನನ್ನನ್ನು ಹಡಗಿನ ಪ್ರವಾಸಕ್ಕೆ ಕರೆದುಕೊಂಡು ಹೋಗಿದ್ದು ಇಲ್ಲಿರುವ ಬಹಳ ಜನಕ್ಕೆ ಗೊತ್ತು. ವೆನಿಸ್‌ನಿಂದ ಹೊರಟು ಆಡ್ರಿಯಾಟಿಕ್ ಸಮುದ್ರದ ಹಳೇ ಬಂದರುಗಳು, ದ್ವೀಪಗಳು: ಸ್ಪ್ಲಿಟ್, ಹ್ವಾರ್, ಕೊರ್ಚುಲಾ, ಡುಬ್ರೊವ್ನಿಕ್, ಕೊಟೊರ್. ಏಳೆಂಟು ಮಹಡಿಯ ಹಡಗಲ್ಲ, ನೂರು ಜನರ ಸಣ್ಣದು. ದಡಕ್ಕೆ ಹತ್ತಿರ ಹೋಗಲಾಗದ ಕಡೆ ರಬ್ಬರ್ ದೋಣಿಯಲ್ಲಿ ಇಳಿಸುತ್ತಾರೆ, ರಾತ್ರಿ ಊಟಕ್ಕೆ ಮುಂಚೆ ಇತಿಹಾಸ ಬಲ್ಲವರೊಬ್ಬರು ಮರುದಿನದ ಊರಿನ ಬಗ್ಗೆ ಉಪನ್ಯಾಸ ಕೊಡುತ್ತಾರೆ. ಅಲ್ಲಿಯವರೆಗೆ ನಾನು ಹತ್ತಿದ ದೊಡ್ಡ ದೋಣಿ ಎಂದರೆ ಹೊಳೆಬಾಗಿಲಿನಲ್ಲಿ ಸಿಗಂದೂರಿಗೆ ದಾಟಿಸುತ್ತಿದ್ದ ಲಾಂಚು. ಬಸ್ಸು, ಜೀಪು, ಜನ ಎಲ್ಲ ಒಟ್ಟಿಗೆ. 2025ರ ಜುಲೈನಲ್ಲಿ ಸೇತುವೆ ಆಯಿತು, ಬೇಕಾಗಿತ್ತು, ಶರಾವತಿ ಹಿನ್ನೀರಿನ ಜನ ಅರವತ್ತು ವರ್ಷ ಕಷ್ಟಪಟ್ಟಿದ್ದಾರೆ. ಆದರೂ ಹಡಗಿನ ಡೆಕ್ ಮೇಲೆ ನಿಂತಾಗ ನೀರಿನ ಮೇಲಿನ ಆ ಗಾಳಿ ಮೊದಲು ನೆನಪಿಸಿದ್ದು ಲಾಂಚನ್ನೇ.

ಎರಡನೇ ರಾತ್ರಿಯ ಉಪನ್ಯಾಸ ವೆನಿಸ್ ಹೇಗೆ ಶ್ರೀಮಂತವಾಯಿತು ಅಂತ. ಪರದೆಯ ಮೇಲೆ ನಕ್ಷೆ ಬಂತು. ಅದೇ ಬಾಣ. ಅಲೆಕ್ಸಾಂಡ್ರಿಯಾದ ಸುಂಕ, ವೆನಿಸ್‌ನ ಗ್ಯಾಲಿ ಹಡಗುಗಳು, ರಿಯಾಲ್ಟೊದ ಅಂಗಡಿಗಳು, ಅಲ್ಲಿಂದ ಕೊಂಡುಕೊಳ್ಳಲು ಬರುತ್ತಿದ್ದ ಜರ್ಮನ್ ವರ್ತಕರಿಗೆಂದೇ ಕಟ್ಟಿದ್ದ ಮಳಿಗೆ, ಎಲ್ಲದಕ್ಕೂ ಹೆಸರಿತ್ತು. ಬಾಣದ ಬುಡದಲ್ಲಿ ನಮ್ಮ ಇಡೀ ಪಶ್ಚಿಮ ಕರಾವಳಿ ಖಾಲಿ. ಒಂದು ಚುಕ್ಕಿ ಸಹ ಇಲ್ಲ.

ಮುಗಿದ ಮೇಲೆ ಎದ್ದು ಹೋಗಿ, ನಮ್ಮ ಮನೆಯಲ್ಲಿ ಮೆಣಸು ಬೆಳೆಯುತ್ತೇವೆ ಅಂದೆ. ಆ ಮನುಷ್ಯನಿಗೆ ನಿಜವಾಗಿ ಖುಷಿಯಾಯಿತು. ಅಡಿಕೆ ಮರಕ್ಕೆ ಬಳ್ಳಿ ಹಬ್ಬಿಸುತ್ತೇವೆ ಎಂದದ್ದಕ್ಕೆ ಇನ್ನೂ ನಾಲ್ಕು ಪ್ರಶ್ನೆ ಕೇಳಿದರು. ಆಮೇಲೆ ಕೇಳಿದ್ದು ಇದು: ನಿಮ್ಮ ಕಡೆಯ ಮೆಣಸು ಯಾವ ಬಂದರಿಗೆ ಹೋಗುತ್ತಿತ್ತು?

ನನ್ನ ಬಾಯಿಂದ ಬಂದ ಉತ್ತರ ‘ಕಲ್ಲಿಕೋಟೆ.’

ಇದನ್ನು ಇವತ್ತಿನವರೆಗೆ ಮಗಳಿಗೂ ಹೇಳಿರಲಿಲ್ಲ. ಸಾಗರ ತಾಲೂಕಿನಲ್ಲಿ ಹುಟ್ಟಿ, ಕೆಳದಿ ಅರಸರ ರಾಜಧಾನಿಯಾಗಿದ್ದ ಇಕ್ಕೇರಿಗೆ ಆರು ಕಿಲೋಮೀಟರ್ ದೂರದಲ್ಲಿ ಬದುಕಿ, ಹೊನ್ನಾವರದ ಬಸ್ಸು ಎಷ್ಟು ಹೊತ್ತಿಗೆ ಅಂತ ಬಾಯಿಪಾಠ ಇದ್ದವಳು ನಾನು. 1453, 1498, ವಾಸ್ಕೋ ಡ ಗಾಮ, ಕಲ್ಲಿಕೋಟೆ, ಇದನ್ನೇ ಎಷ್ಟು ಬ್ಯಾಚಿಗೆ ಹೇಳಿಕೊಟ್ಟೆನೋ. ಅದೇ ನೋಟ್ಸ್ ನನ್ನ ನಾಲಿಗೆ ಮೇಲೂ ಕೂತಿತ್ತು. ಕ್ಯಾಬಿನ್ನಿಗೆ ಬಂದು ದೀಪ ಆರಿಸಿದ ಮೇಲೆ ಹೊಟ್ಟೆಯಲ್ಲಿ ಸಂಕಟವಾಯಿತು. ಹಾಗಾಗಿ ನಿನ್ನೆ ಆ ಹುಡುಗ ಅಳಿಸಿದ್ದು ತನ್ನ ಮೇಷ್ಟರ ಮಾತಿಗಲ್ಲ, ನನ್ನಂಥ ನೂರಾರು ಮೇಷ್ಟರ ಮಾತಿಗೆ.

ಇಲ್ಲಿ ಒಂದು ಮಾತು ಸ್ಪಷ್ಟ ಮಾಡಿಬಿಡುತ್ತೇನೆ. ಯುರೋಪಿಗೆ ಹೋದ ಮೆಣಸೆಲ್ಲ ನಮ್ಮದೇ ಅಂತ ನಾನು ಹೇಳುತ್ತಿಲ್ಲ. ಮಲಬಾರಿನ ಪಾಲು ದೊಡ್ಡದು, ಕಲ್ಲಿಕೋಟೆ-ಕೊಚ್ಚಿಯ ಹಿರಿಮೆ ಅವರದ್ದೇ. ಆದರೆ ಘಟ್ಟದ ಮೇಲಿನ ಮೆಣಸು ಹೇರೆತ್ತಿನ ಮೇಲೆ ಇಳಿದು, ಗೇರುಸೊಪ್ಪೆಯಿಂದ ಶರಾವತಿಯಲ್ಲಿ ದೋಣಿ ಹತ್ತಿ, ಹೊನ್ನಾವರದಲ್ಲಿ ಸಮುದ್ರ ಕಂಡಿದ್ದೂ ಸುಳ್ಳಲ್ಲ. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಕರೆದದ್ದೇ ‘ರೈನಾ ದ ಪಿಮೆಂತ’, ಮೆಣಸಿನ ರಾಣಿ ಅಂತ. ಸುಮ್ಮನೆ ಕರೆಯುತ್ತಾರೆಯೇ? 16ನೇ ಶತಮಾನದಲ್ಲಿ ಅರ್ಧ ಶತಮಾನದಷ್ಟು ಕಾಲ ಆಳಿದ ಹೆಂಗಸು ಆಕೆ.

ಅದಕ್ಕೂ ಎಷ್ಟೋ ಹಿಂದೆ, 14ನೇ ಶತಮಾನದಲ್ಲಿ, ಇಬ್ನ್ ಬತೂತ ಹೊನ್ನಾವರಕ್ಕೆ ಬಂದಿದ್ದ. ಆ ಊರಿನಲ್ಲಿ ಹೆಣ್ಣುಮಕ್ಕಳಿಗೆ 13 ಶಾಲೆ, ಗಂಡುಮಕ್ಕಳಿಗೆ 23 ಶಾಲೆ ನೋಡಿದೆ ಅಂತ ಬರೆದಿಟ್ಟಿದ್ದಾನೆ. ಹೆಣ್ಣುಮಕ್ಕಳಿಗೆ ಹದಿಮೂರು! ಶಾಲೆಯಲ್ಲಿ ಬದುಕು ಸವೆಸಿದ ನನಗೆ ಇದನ್ನು ಓದಿ ಮೈ ಜುಮ್ಮೆಂದಿತ್ತು.

ಊರಿಗೆ ಬಂದ ಮೇಲೆ ಹಠ ಹಿಡಿದು ಓದತೊಡಗಿದೆ. ಪಿಯೆತ್ರೊ ದೆಲ್ಲಾ ವಾಲ್ಲೆ ಎಂಬ ರೋಮಿನ ಯಾತ್ರಿಕ ಇಕ್ಕೇರಿಗೆ ಬಂದಿದ್ದ ಎನ್ನುವುದು ನಮ್ಮ ಕಡೆ ಇತಿಹಾಸ ಓದಿದವರಿಗೆ ಗೊತ್ತು, ನನಗೂ ಹೆಸರು ಗೊತ್ತಿತ್ತು. ಅವನ ಪತ್ರಗಳನ್ನು ಪೂರ್ತಿ ಓದಿದ್ದು ಈಗ. ಅವನು ಪೂರ್ವಕ್ಕೆ ಹಡಗು ಹತ್ತಿದ್ದು ಎಲ್ಲಿಂದ ಗೊತ್ತೇ? ವೆನಿಸ್‌ನಿಂದ, 1614ರಲ್ಲಿ. ನಾನು ನಿಂತಿದ್ದ ಅದೇ ನೀರಿನ ಅಂಚಿಂದ. ಒಂಬತ್ತು ವರ್ಷದ ನಂತರ, 1623ರಲ್ಲಿ, ಗೋವಾದ ಪೋರ್ಚುಗೀಸರು ಕೆಳದಿಯ ಅರಸ ವೆಂಕಟಪ್ಪ ನಾಯಕನ ಬಳಿಗೆ ಕಳಿಸಿದ ರಾಯಭಾರಿಯ ಜೊತೆ ಹೊನ್ನಾವರಕ್ಕೆ ಬಂದು, ದೋಣಿಯಲ್ಲಿ ಗೇರುಸೊಪ್ಪೆಗೆ ಹೋಗಿ, ಘಟ್ಟ ಹತ್ತಿ ಇಕ್ಕೇರಿಗೆ ಬಂದ. ಗೇರುಸೊಪ್ಪೆಯ ಹೊಳೆಯ ಚೆಲುವನ್ನು ಬಾಯಿತುಂಬ ಹೊಗಳಿದ್ದಾನೆ. ಘಟ್ಟದ ಕಾಡು ನೋಡಿ ಅವನಿಗೆ ತನ್ನ ದೇಶದ ಅಪೆನೈನ್ ಬೆಟ್ಟ ನೆನಪಾಗಿದೆ. ಅಷ್ಟು ಹೊತ್ತಿಗೆ ರಾಣಿಯ ಊರು ಹಾಳುಬಿದ್ದಿತ್ತು, ಅದನ್ನೂ ಬರೆದಿದ್ದಾನೆ.

ಒಂದು ಜಾಗವನ್ನಂತೂ ಮೂರು ಸಲ ಓದಿದೆ. ಘಟ್ಟದ ಮೇಲೆ ಒಂದು ಗುಡಿಯ ಜಗಲಿಯಲ್ಲಿ ಪುಟ್ಟ ಹುಡುಗರು ಲೆಕ್ಕ ಕಲಿಯುತ್ತಿದ್ದರು. ನೆಲದ ಮೇಲೆ ನುಣ್ಣನೆ ಮರಳು ಹರಡಿ, ಬೆರಳಲ್ಲಿ ಬರೆದು, ಬರೆದದ್ದನ್ನು ರಾಗವಾಗಿ ಹಾಡುತ್ತಾ. ಮರಳು ತುಂಬಿದರೆ ಅಳಿಸಿ ಮತ್ತೆ ಹರಡುವುದು. ಅವನು ನಿಂತು ನೋಡಿ, ಮಾತಾಡಿಸಿ, ಬರೆದುಕೊಂಡ. ನಾನ್ನೂರು ವರ್ಷದ ಹಿಂದಿನ ನಮ್ಮ ಮಕ್ಕಳ ಮಗ್ಗಿಯ ದನಿ ನಮ್ಮ ಮನೆಗಳಲ್ಲಿ ಉಳಿದಿಲ್ಲ, ರೋಮಿನವನ ಪತ್ರದಲ್ಲಿ ಉಳಿದಿದೆ.

ಇನ್ನೊಂದು ವಿಷಯ. ಅವನ ಹೆಂಡತಿ ಪರ್ಷಿಯಾದಲ್ಲಿ ತೀರಿಕೊಂಡಿದ್ದಳು. ದೇಹವನ್ನು ಪೆಟ್ಟಿಗೆಯಲ್ಲಿ ಕಾಪಿಟ್ಟುಕೊಂಡು ವರ್ಷಗಟ್ಟಲೆ ತಿರುಗಿ, ಕೊನೆಗೆ ರೋಮಿನಲ್ಲೇ ಮಣ್ಣು ಮಾಡಿದ. ಅದನ್ನು ಓದಿದ ರಾತ್ರಿ ನಮ್ಮನೆಯವರು ಬಹಳ ನೆನಪಾದರು. ಅವರಿಗೆ ಹಡಗು ನೋಡುವ ಆಸೆ ಬಹಳ ಇತ್ತು. ಇರಲಿ.

ಹಡಗಿನಲ್ಲಿ ನೋಡಿದ ಊರುಗಳ ಬಗ್ಗೆ ನನಗೆ ಹೊಟ್ಟೆಕಿಚ್ಚಿಲ್ಲ, ಪ್ರೀತಿಯೇ ಇದೆ. ಕೊರ್ಚುಲಾದ ಬೀದಿಗಳು ಮೀನಿನ ಮುಳ್ಳಿನ ಹಾಗೆ ಎರಡೂ ಬದಿಗೆ ಇಳಿಯುತ್ತವೆ. ಪಶ್ಚಿಮದ ಬೀದಿಗಳು ನೇರ, ಬೇಸಿಗೆಯ ತಂಗಾಳಿ ಒಳಗೆ ಬರಲಿ ಅಂತ. ಪೂರ್ವದವು ಬಾಗಿದವು, ‘ಬೂರಾ’ ಎಂಬ ಚಳಿಗಾಳಿ ಒಳಗೆ ನುಗ್ಗದಿರಲಿ ಅಂತ. ಮಾರ್ಕೊ ಪೋಲೊ ಹುಟ್ಟಿದ್ದು ನಮ್ಮಲ್ಲೇ ಅಂತ ಆ ಊರಿನವರು ಹೇಳುತ್ತಾರೆ. ಗಟ್ಟಿ ದಾಖಲೆ ಇಲ್ಲ, ಆದರೂ ಒಂದು ಮನೆ ತೋರಿಸುತ್ತಾರೆ. ಡುಬ್ರೊವ್ನಿಕ್‌ನ ಕೋಟೆ ಬಾಗಿಲ ಹತ್ತಿರ ಒಂದು ನಕ್ಷೆ ಹಾಕಿದ್ದಾರೆ. 1991-92ರ ಮುತ್ತಿಗೆಯಲ್ಲಿ ಯಾವ ಮನೆಯ ಮಾಡು ಹೋಯಿತು, ಯಾವುದು ಸುಟ್ಟಿತು ಅಂತ ಒಂದೊಂದನ್ನೂ ಗುರುತು ಮಾಡಿದ್ದಾರೆ. ಆ ನಕ್ಷೆಯ ಮುಂದೆ ನಾನು ತುಂಬ ಹೊತ್ತು ನಿಂತೆ. ಒಡೆದ ಹೆಂಚಿಗೂ ಅಲ್ಲಿ ಲೆಕ್ಕವಿದೆ. ನಮ್ಮ ಬಾಣದ ಬುಡದಲ್ಲಿ ಒಂದು ಊರಿನ ಹೆಸರಿಲ್ಲ.

ಇದನ್ನೆಲ್ಲ ನಿನ್ನೆ ತಮ್ಮನ ಹತ್ತಿರ ಹೇಳಿದೆ. ಮೆಣಸು ಕೈಯಾಡಿಸುತ್ತಾ ಕೇಳಿಸಿಕೊಂಡವನು, “ಅಕ್ಕಾ, ಹೆಸರು ಬರೆದರೆ ಕ್ವಿಂಟಾಲಿಗೆ ನಾಲ್ಕು ಕಾಸು ಜಾಸ್ತಿ ಸಿಗ್ತದಾ?” ಅಂದ. ಎರಡು ಮಳೆಗಾಲದಲ್ಲಿ ಸೊರಗು ರೋಗಕ್ಕೆ ಅರ್ಧ ಬಳ್ಳಿ ಕಳೆದುಕೊಂಡವನು, ಬೋರ್ಡೋ ದ್ರಾವಣ ಹೊಡೆದು ಹೊಡೆದು ಸುಸ್ತಾದವನು, ಅವನ ಮಾತನ್ನು ನಾನು ಹಗುರ ಮಾಡುವುದಿಲ್ಲ. ಆದರೆ ಒಪ್ಪುವುದೂ ಇಲ್ಲ. ಹ್ವಾರ್ ದ್ವೀಪದಲ್ಲಿ ಸ್ತಾರಿ ಗ್ರಾದ್ ಎಂಬ ಬಯಲಿದೆ. ಕ್ರಿ.ಪೂ. 4ನೇ ಶತಮಾನದಲ್ಲಿ ಗ್ರೀಕರು ಬಂದು ಅಳೆದು, ಕಲ್ಲಿನ ಕಟ್ಟೆ ಹಾಕಿ ಹಂಚಿಕೊಂಡ ಹೊಲ. ಇವತ್ತಿಗೂ ಅದೇ ಕಟ್ಟೆಗಳ ನಡುವೆ ಅದೇ ದ್ರಾಕ್ಷಿ, ಅದೇ ಆಲಿವ್. 2008ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿತು. ಅಲ್ಲಿ ಅರಮನೆಯಿಲ್ಲ, ಗೋಪುರವಿಲ್ಲ. ತೋಟ ಅಷ್ಟೇ! ರೈತರ ತೋಟ ನೋಡಲು ನೂರು ಜನ ಹಡಗಿನಿಂದ ಇಳಿದು ಬಿಸಿಲಲ್ಲಿ ನಡೆದೆವು. ತೋಟದವರೊಬ್ಬರು ಬಂದು ತಮ್ಮ ಎಣ್ಣೆಯ ರುಚಿ ತೋರಿಸಿದರು, ಕೊಂಡವರೂ ಇದ್ದರು. ಹೆಸರಿಗೆ ಬೆಲೆ ಇಲ್ಲ ಎನ್ನುವವರು ಅಲ್ಲಿ ನಿಂತು ನೋಡಬೇಕು.

ಕಲ್ಲಿನ ಊರು ಉಳಿಯುತ್ತದೆ, ನಮ್ಮದು ಮರ-ಮಣ್ಣಿನದು, ಮಳೆಗೆ ಹೋಯಿತು, ತೋರಿಸಲು ಏನಿದೆ ಎನ್ನುವವರಿಗೂ ಇದೇ ಉತ್ತರ. ಇಕ್ಕೇರಿಯ ಅಘೋರೇಶ್ವರ ಇಲ್ಲವೇ? ಗೇರುಸೊಪ್ಪೆಯ ಕಾಡಿನ ನಡುವೆ ಚತುರ್ಮುಖ ಬಸದಿ ಇಲ್ಲವೇ? ಹೊನ್ನಾವರದ ಎದುರಿಗೆ ಸಮುದ್ರದಲ್ಲಿ ಬಸವರಾಜದುರ್ಗ ಇಲ್ಲವೇ, ಕೆಳದಿಯವರ ಕೋಟೆ, ದ್ವೀಪದ ಮೇಲೆ? 1665ರಲ್ಲಿ ಶಿವಾಜಿ ಹಡಗು ಕಟ್ಟಿಕೊಂಡು ಬಂದು ದೋಚಿದ ಬಸರೂರು ಇಲ್ಲವೇ? ಏನೂ ಇಲ್ಲದ ಊರನ್ನು ದೋಚಲು ಯಾರಾದರೂ ಅಷ್ಟು ದೂರದಿಂದ ಬರುತ್ತಾರೆಯೇ? ಕೆಳದಿ ಎಂದರೆ ನಮಗೆ ಘಟ್ಟದ ಮೇಲಿನ ರಾಜ್ಯ. ಅವರಿಗೆ ಸಮುದ್ರವೂ ಇತ್ತು ಎನ್ನುವುದನ್ನೇ ಮರೆತಿದ್ದೇವೆ.

ದೊಡ್ಡ ಹಡಗು ಬರಲಿ, ಬಂದರು ಅಗೆಯಲಿ ಅಂತ ನಾನು ಕೇಳುತ್ತಿಲ್ಲ. ಅದರ ಕಷ್ಟವನ್ನೂ ಅಲ್ಲೇ ನೋಡಿದೆ. ವೆನಿಸ್ 2021ರಲ್ಲಿ ಭಾರೀ ಹಡಗುಗಳನ್ನು ಊರಿನ ನಡುವಿನ ಕಾಲುವೆಯಿಂದ ಹೊರಗಿಟ್ಟಿತು. ಡುಬ್ರೊವ್ನಿಕ್ ದಿನಕ್ಕೆ ಎರಡೇ ಹಡಗು ಅಂತ ಮಿತಿ ಹಾಕಿಕೊಂಡಿದೆ. ಹೊನ್ನಾವರದ ಮೀನುಗಾರರ ಬಾಳು ಕಲಕುವ ಯಾವುದೂ ನನಗೆ ಬೇಡ.

ನನಗೆ ಬೇಕಾಗಿರುವುದು ಸಣ್ಣದು. ಹೊನ್ನಾವರದಲ್ಲಿ ಈಗ ಕಾಂಡ್ಲಾ (ಮ್ಯಾಂಗ್ರೋವ್) ಕಾಡು ನೋಡಲು ಎಷ್ಟೋ ಜನ ದೋಣಿ ಹತ್ತುತ್ತಾರೆ. ಡಿಸೆಂಬರಿನಲ್ಲಿ ನಾವೂ ಹತ್ತಿದ್ದೆವು. ಒಂದು ಗಂಟೆ ಸುತ್ತಿಸಿದರು, ಸ್ಪೀಕರಿನಲ್ಲಿ ಹಾಡು ಹಾಕಿದರು, ಫೋಟೊ ತೆಗೆಸಿಕೊಳ್ಳುವ ಜಾಗ ತೋರಿಸಿದರು. ಇದೇ ನೀರಿನ ಮೇಲೆ ಮೆಣಸಿನ ಮೂಟೆ ಹೋಗುತ್ತಿತ್ತು, ಇಲ್ಲಿಂದಲೇ ಒಬ್ಬ ಇಕ್ಕೇರಿಗೆ ಹೊರಟ ಅಂತ ಯಾರೂ ಹೇಳಲಿಲ್ಲ. ದೋಣಿಯ ಹುಡುಗನನ್ನು ಏನು ಅನ್ನಲಿ, ಅವನಿಗೂ ಯಾರೋ ನನ್ನಂಥವರೇ ಪಾಠ ಮಾಡಿರುತ್ತಾರೆ. ನಾನೇ ಹೇಳಿದೆ. ಹಾಡು ನಿಲ್ಲಿಸಿ ಪೂರ್ತಿ ಕೇಳಿದ. “ಗೇರುಸೊಪ್ಪೆ ರಾಣಿದು ಗೊತ್ತು ಅಮ್ಮ, ನಮ್ ಅಜ್ಜ ಹೇಳ್ತಿದ್ರು. ಆದ್ರೆ ಹಡಗು ಅಷ್ಟ್ ದೂರ ಹೋಗ್ತಿತ್ತು ಅಂತ ಗೊತ್ತಿರಲಿಲ್ಲ” ಅಂದ.

ಆ ಉಪನ್ಯಾಸಕರಿಗೆ ನಿನ್ನೆ ರಾತ್ರಿ ಮಗಳ ಕೈಲಿ ಒಂದು ಮೇಲ್ ಬರೆಸಿದೆ. ನಾನು ಕಲ್ಲಿಕೋಟೆ ಅಂದದ್ದು ತಪ್ಪು, ಹೊನ್ನಾವರ ಅಂತ ತಿದ್ದಿಕೊಳ್ಳಿ, ನಕ್ಷೆಯಲ್ಲಿ ಜಾಗ ಇಂಥಲ್ಲಿ ಬರುತ್ತದೆ ಅಂತ. ಮಗಳು ಒಂದು ಮಾತೂ ಆಡದೆ ಟೈಪ್ ಮಾಡಿದಳು.

ಇವತ್ತು ಬೆಳಿಗ್ಗೆ ತಮ್ಮನ ಮೊಮ್ಮಗನ ಫೋನ್. ಪರೀಕ್ಷೆಗೆ ನೋಟ್ಸಿನಲ್ಲಿ ಇದ್ದದ್ದನ್ನೇ ಬರೆಯುತ್ತಾನಂತೆ, ಬರೆಯಲಿ. ಆದರೆ ಪುಸ್ತಕದ ಹಿಂದಿನ ಹಾಳೆಯಲ್ಲಿ ಇನ್ನೊಂದು ನಕ್ಷೆ ಹಾಕಿದ್ದಾನೆ, ಇಕ್ಕೇರಿಯಿಂದ ಗೇರುಸೊಪ್ಪೆಗೆ ರಸ್ತೆ ಎಳೆಯುವುದೋ ಹೊಳೆ ಎಳೆಯುವುದೋ ಅಂತ ಕೇಳಿದ. ಗೇರುಸೊಪ್ಪೆಯವರೆಗೆ ರಸ್ತೆ, ಅಲ್ಲಿಂದ ಹೊಳೆ ಅಂದೆ.

ಪರೀಕ್ಷೆ ಮುಗಿದ ಮರುದಿನ ಅದೇ ದಾರಿಯಲ್ಲಿ ಹೋಗುವುದು ಅಂತ ನಿಶ್ಚಯ ಮಾಡಿದ್ದೇವೆ. ಗೇರುಸೊಪ್ಪೆಯಿಂದ ಹೊನ್ನಾವರದವರೆಗೆ ಹೊಳೆಯಲ್ಲೇ ಕರೆದುಕೊಂಡು ಹೋಗುವ ದೋಣಿಯವರು ಯಾರಾದರೂ ಗೊತ್ತಿದ್ದರೆ ತಿಳಿಸಿ. ನಾವು ಮೂರು ಜನ. ತಮ್ಮನೂ ಬರುತ್ತಾನಂತೆ.