ಕೂರಲಾಗದ ಕುರ್ಚಿಗಳ ಕುರಾಮಾತಾ

ಮಳೆಗಾಲದಲ್ಲಿ ಉಬ್ಬಿಕೊಂಡು ಜಪ್ಪಯ್ಯ ಎಂದರೂ ಬಾರದ ನನ್ನ ಮೇಜಿನ ಡ್ರಾಯರನ್ನು ಎಳೆಯುವಾಗಲೆಲ್ಲ ಟೋಕಿಯೊದ ಶಿರೋ ಕುರಾಮಾತಾ ನೆನಪಾಗುತ್ತಾರೆ. ಡ್ರಾಯರುಗಳ ಹುಚ್ಚು ಹಿಡಿಸಿಕೊಂಡಿದ್ದ ಈ ವಿನ್ಯಾಸಕಾರರು 1970ರಲ್ಲಿ ಎಸ್ ಅಕ್ಷರದಂತೆ ಬಳುಕಿ ನಿಂತ ಕಪಾಟೊಂದನ್ನು ಮಾಡಿದರು. ಅದೇ ವರ್ಷದ ಇನ್ನೊಂದರಲ್ಲಿ, ನೆಟ್ಟಗಿನ ಕಂಬಕ್ಕೆ ಪೋಣಿಸಿದ ಡ್ರಾಯರುಗಳು ಒಂದೊಂದಾಗಿ ತಿರುಗಿ ಹೊರಬರುವಂತೆ ಮಾಡಿ, ಎಳೆಯುವ ಕಷ್ಟವನ್ನೇ ಇಲ್ಲವಾಗಿಸಿದರು. ಈ ಡ್ರಾಯರುಗಳ ಬಗ್ಗೆ ಹೇಳಲೆಂದೇ ನಾನು ಬರೆಯಲು ಕೂತದ್ದು. ಆದರೆ ಕುರಾಮಾತಾ ಎಂದೊಡನೆ ಗುಲಾಬಿಗಳು ಅಡ್ಡ ಬರುತ್ತವೆ.

1988ರ 'ಮಿಸ್ ಬ್ಲಾಂಚ್' ಎಂಬ ಕುರ್ಚಿಯದು ಪಾರದರ್ಶಕ ಅಕ್ರಿಲಿಕ್ಕಿನ ಮೈ. ಅದರೊಳಗೆ ಕೆಂಪು ಗುಲಾಬಿಗಳು ಯಾವ ಆಸರೆಯೂ ಇಲ್ಲದೆ ತೇಲುತ್ತಿರುತ್ತವೆ. ಹೂವುಗಳೆಲ್ಲ ಕೃತಕ. ದ್ರವರೂಪದ ಅಕ್ರಿಲಿಕ್ಕನ್ನು ಅಚ್ಚಿಗೆ ಸುರಿದು, ಅದು ಗಟ್ಟಿಯಾಗುವ ಮೊದಲು ಒಂದೊಂದು ಹೂವನ್ನೂ ತಾನಾಗಿಯೇ ಉದುರಿದೆಯೇನೋ ಎನ್ನಿಸುವ ಹಾಗೆ ನೆಲೆಗೊಳಿಸುವ ಪಾಡನ್ನು ಮದುವೆಮನೆಯ ಮಂಟಪ ಕಟ್ಟುವವರೂ ಪಟ್ಟಿರಲಾರರು. ಹೆಸರು ಅಮೆರಿಕದ ನಾಟಕವೊಂದರ ನಾಯಕಿಯದು. ತಯಾರಾದದ್ದು 56 ಕುರ್ಚಿಗಳು. 1991ರಲ್ಲಿ ತೀರಿಕೊಂಡಾಗ ಕುರಾಮಾತಾರ ವಯಸ್ಸೂ 56. ಈಗ ಹರಾಜಿನಲ್ಲಿ ಇವು ಲಕ್ಷಗಟ್ಟಲೆ ಡಾಲರಿಗೆ ಹೋಗುತ್ತವೆ, ಆದರೆ ಕೊಂಡವರು ಯಾರಾದರೂ ಅದರ ಮೇಲೆ ಕೂತು ಕಾಫಿ ಕುಡಿಯುತ್ತಾರೆಂದು ನಾನು ನಂಬುವುದಿಲ್ಲ. ಹಾಗೆ ನೋಡಿದರೆ, ಬರೀ ಗಾಜಿನ ಹಲಗೆಗಳನ್ನು ಅಂಟಿನಿಂದ ಜೋಡಿಸಿದ 1976ರ ಕುರ್ಚಿಯಾಗಲಿ, ಉಕ್ಕಿನ ಜಾಲರಿಯನ್ನೇ ಬಾಗಿಸಿದ 1986ರ ಆರಾಮಕುರ್ಚಿಯಾಗಲಿ, ಕೂರುವವರ ಬೆನ್ನಿನ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಂಡಂತೆ ಕಾಣುವುದಿಲ್ಲ.

ಜಪಾನೀ ವಿನ್ಯಾಸವೆಂದರೆ ಖಾಲಿ ಕೋಣೆ, ಬಿಳಿಚಿದ ಮರ ಮತ್ತು ಮೌನ ಎಂದು ನಮಗೆ ಉಪದೇಶಿಸುವ ನುಣುಪು ಕಾಗದದ ಪತ್ರಿಕೆಗಳ ಮೇಲೆ ನನಗೆ ಹಳೆಯ ಸಿಟ್ಟಿದೆ. ಇಟಲಿಯ ಮಿಲಾನಿನ ವಿನ್ಯಾಸಕಾರ ಎತ್ತೊರೆ ಸೊತ್ಸಾಸ್ ಅವರ, ಗಾಢ ಬಣ್ಣಗಳಿಗೆ ಹೆಸರಾದ ಮೆಂಫಿಸ್ ಗುಂಪಿನಲ್ಲಿ ಸೇರಿ, ಬಣ್ಣದ ಗಾಜಿನ ಚೂರುಗಳನ್ನು ಕಾಂಕ್ರೀಟಿಗೆ ಬೆರೆಸಿ ಮೇಜು ಮಾಡಿದ ಈ ಮನುಷ್ಯನನ್ನು ಅವು ಯಾವ ಮೌನದ ಕೋಣೆಯಲ್ಲಿ ಕೂರಿಸುತ್ತವೆ?

1965ರಲ್ಲಿ ಸ್ವಂತ ಕಚೇರಿ ತೆರೆದ ಕುರಾಮಾತಾರ ಮುಖ್ಯ ವೃತ್ತಿ ನಿಜಕ್ಕೂ ಅಂಗಡಿ, ಬಾರುಗಳ ಒಳಾಂಗಣವಾಗಿತ್ತು. ವಸ್ತ್ರವಿನ್ಯಾಸಕಾರ ಇಸ್ಸೆ ಮಿಯಾಕೆಯವರ ಬಟ್ಟೆ ಅಂಗಡಿಗಳೂ ಅದರಲ್ಲಿ ಸೇರಿದ್ದವು. ಅಂಗಡಿಗಳ ಆಯುಸ್ಸು ಬಾಡಿಗೆ ಕರಾರಿನಷ್ಟೇ ಆದ್ದರಿಂದ ಹೆಚ್ಚಿನವು ಕಣ್ಮರೆಯಾಗಿವೆ. 1988ರ 'ಕಿಯೊತೊಮೊ' ಸುಶಿ ಬಾರು ಮಾತ್ರ ಟೋಕಿಯೊದಿಂದ ಬಿಚ್ಚಿಸಿಕೊಂಡು ಹಾಂಗ್‌ಕಾಂಗಿನ ಎಂ ಪ್ಲಸ್ ವಸ್ತುಸಂಗ್ರಹಾಲಯವನ್ನು ಸೇರಿದೆ. ಅಲ್ಲಿ ಎಲ್ಲವೂ ಇದೆ, ಸುಶಿಯೊಂದನ್ನು ಬಿಟ್ಟು. ಹಸಿದವರು ಬೇರೆ ಕಡೆ ನೋಡಿಕೊಳ್ಳಬೇಕು.