ಹಾಜರಿ ಪುಸ್ತಕ ಮತ್ತು ಮೊಟ್ಟೆ ಟ್ರೇ

ನಮ್ ಶಾಲೇಲಿ ಗಡಿಯಾರ ಇರೋದು ಒಂದೇ, ಆದ್ರೆ ಅದು ಸೀರೆ ಕಂಡ್ರೆ ಒಂದು ಟೈಮ್ ತೋರ್ಸತ್ತೆ, ಪ್ಯಾಂಟ್ ಕಂಡ್ರೆ ಇನ್ನೊಂದು. ಸೋಮವಾರ ನಾನು ಒಳಗೆ ಕಾಲಿಟ್ಟಿದ್ದು 10.07ಕ್ಕೆ. ಅಂಗಳದಲ್ಲಿ ಮಕ್ಕಳು ಸಂವಿಧಾನದ ಪೀಠಿಕೆ ಓದ್ತಾ ಇದ್ರು (2023ರಿಂದ ಪ್ರಾರ್ಥನೆ ಜೊತೆ ಅದೂ ಇದೆಯಲ್ಲ), ಅವ್ರ ಬಾಯಲ್ಲಿ "ಸಮಾನತೆ" ಬರೋದಕ್ಕೂ ಎಚ್ಚೆಮ್ ಸಾರ್ ನನ್ನ ಹೆಸರಿನ ಮುಂದೆ ಕೆಂಪು ಪೆನ್ನಲ್ಲಿ "ಎಲ್" ಬರೆಯೋದಕ್ಕೂ ಸರಿಹೋಯ್ತು. ಎಲ್ ಅಂದ್ರೆ ಲೇಟು, ಮೂರು ಎಲ್ ಆದ್ರೆ ಒಂದು ಸಿಎಲ್ (ಸಾಂದರ್ಭಿಕ ರಜೆ) ಕಟ್.

"ಬಸ್ ನಿಲ್ಲಿಸ್ಲಿಲ್ಲ ಸಾರ್" ಅಂದೆ. "ನಿಮಗೇನ್ರೀ ಮೇಡಂ, ಬಸ್ ಫ್ರೀ" ಅಂದ್ರು. ನಿಜ, 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂತು, ಆಧಾರ್ ತೋರ್ಸಿದ್ರೆ ಝೀರೋ ಟಿಕೆಟ್, ಆದ್ರೆ ಟಿಕೆಟ್ ಹರಿಯೋಕೆ ಮುಂಚೆ ಬಸ್ ನಿಲ್ಬೇಕಲ್ಲ ಸ್ವಾಮಿ, ಸ್ಟಾಪಲ್ಲಿ ಬರೀ ಹೆಂಗಸ್ರೇ ನಿಂತಿದ್ರೆ ಕೆಲವು ಡ್ರೈವರ್‌ಗಳ ಕತ್ತು ತಾನಾಗೇ ಆ ಕಡೆ ತಿರುಗ್ಬಿಡತ್ತೆ.

11.20ಕ್ಕೆ ನಮ್ ಗಣಿತದ ಸಾರ್ ಬುಲೆಟ್ಟಲ್ಲಿ ಬಂದ್ರು. ಹಿಂದೆ ಎರಡು ಟ್ರೇ ಮೊಟ್ಟೆ. ಎಚ್ಚೆಮ್ ಎದ್ದು ಹೋಗಿ ಟ್ರೇ ಇಳಿಸ್ಕೊಂಡು "ಪಾಪ, ಎಷ್ಟು ಓಡಾಡ್ತೀರ ಸಾರ್, ಟೀ ಕುಡೀರಿ ಮೊದ್ಲು" ಅಂದ್ರು. ಹಾಜರಿ ಪುಸ್ತಕದಲ್ಲಿ 10.00 ಅಂತ ಸೈನ್ ಆಯ್ತು, ಚಲನವಲನ ವಹಿಯಲ್ಲಿ "ಶಾಲಾ ಕೆಲಸ" ಅಂತ ಬಿತ್ತು. ಮೊಟ್ಟೆ ಅಂಗಡಿ ಅವ್ರ ಮನೆ ಎದುರಿಗೇ ಇರೋದು, ಅದು ಬೇರೆ ಮಾತು. ಮೊದ್ಲು ಬಿಸಿಯೂಟದಲ್ಲಿ ವಾರಕ್ಕೆ ಎರಡೇ ದಿನ ಮೊಟ್ಟೆ ಇತ್ತು, ಸಾರ್ ಎರಡೇ ದಿನ ಲೇಟ್ ಬರ್ತಿದ್ರು. 2024ರಲ್ಲಿ ಆರು ದಿನ ಮಾಡಿದ್ರು ನೋಡಿ, ಮಕ್ಕಳಿಗೆ ಪ್ರೋಟೀನು, ಸಾರ್‌ಗೆ ನಿದ್ದೆ. ಮೊಟ್ಟೆ ಇಲ್ದಿದ್ರೆ ಬಿಇಒ ಆಫೀಸು, ಅದೂ ಇಲ್ದಿದ್ರೆ ಸಂಘದ ಮೀಟಿಂಗು.

ನನ್ ಮಗೂಗೆ ಜ್ವರ ಅಂದ್ರೆ ಅದು ನೆಪ, ಅವ್ರ ಗಾಡಿ ಕೆಟ್ಟೋಯ್ತು ಅಂದ್ರೆ ಅದು ಕಷ್ಟ. ಮೇಲಿಂದ ಸ್ಟಾಫ್ ರೂಮಲ್ಲಿ ಅವ್ರದ್ದೇ ಭಾಷಣ, "ಲೇಡೀಸ್‌ಗೆ ಮಕ್ಕಳನ್ನ ನೋಡ್ಕೊಳ್ಳೋಕೆ ಸಿಸಿಎಲ್ ರಜೆ, ಈಗ ಮುಟ್ಟಿನ ರಜೆ ಬೇರೆ, ಗಂಡಸ್ರಿಗೆ ನ್ಯಾಯ ಎಲ್ಲಿದೆ ಮೇಡಂ?" ಈ ಭಾಷಣ ಮಾಡೋವಾಗ ಅವ್ರ ಏಳನೇ ಕ್ಲಾಸು ಗಲಾಟೆ ಮಾಡ್ತಿರತ್ತೆ, ನ್ಯಾಯ ಕೇಳ್ತಿರೋರನ್ನ ಎಬ್ಬಿಸೋದು ಬೇಡ ಅಂತ ನಾನೇ ಹೋಗಿ ಸುಮ್ನಿರ್ಸಿ ಬರ್ತೀನಿ.

ಮಂಗಳವಾರ ನನಗೂ ಬುದ್ಧಿ ಬಂತು. ಬಸ್‌ಸ್ಟಾಂಡ್ ಹತ್ರ ಮೂವತ್ತರ ಒಂದು ಟ್ರೇ ಮೊಟ್ಟೆ ತಗೊಂಡು, ಆ ರಶ್ಶಲ್ಲಿ ಒಂದೂ ಒಡೀದ ಹಾಗೆ ಎದೆಗವಚಿಕೊಂಡು, ಕರೆಕ್ಟಾಗಿ 10.07ಕ್ಕೆ ಹೋಗಿ ಎಚ್ಚೆಮ್ ಟೇಬಲ್ ಮೇಲಿಟ್ಟೆ.

ಸಾರ್ ಮೊಟ್ಟೆ ನೋಡಿದ್ರು, ಗಡಿಯಾರ ನೋಡಿದ್ರು, ಕೆಂಪು ಪೆನ್ನಿನ ಕ್ಯಾಪ್ ತೆಗೆದ್ರು.

"ಏನ್ರೀ ಮೇಡಂ, ಮನೆ ಸಂತೆ ಎಲ್ಲಾ ಸ್ಕೂಲ್ ಟೈಮಲ್ಲಿ ಮಾಡೋದಾ?"